ತಿಪ್ಪಿಯೊಳಗಿನ ಕರೆಂಟು

ನಮ್ಮೂರಿಗೆ ಒಂದು ಕಸದ ಗುಡ್ಡ ಇಲ್ಲವಲ್ಲ ಎಂದು ನನ್ನ ಅಳಿಯನಿಗೆ ಭಾರೀ ಹಳಹಳಿ. ಅಳಿಯ ಎಂದರೆ ಮಗಳ ಗಂಡನಲ್ಲ, ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ. ಹಬ್ಬಕ್ಕೆ ಬಂದಾಗಲೆಲ್ಲ ನರಗುಂದವನ್ನು ಉದ್ಧಾರ ಮಾಡುವ ಒಂದು ವಿಚಾರವನ್ನು ಲ್ಯಾಪ್‌ಟಾಪಿನ ಚೀಲದಲ್ಲಿ ಇಟ್ಟುಕೊಂಡೇ ಬಸ್ಸಿಳಿಯುತ್ತಾನೆ. ಹೋದ ವರ್ಷ ಡ್ರೋನು. ಅದರ ಹಿಂದಿನ ವರ್ಷ ಅಣಬೆ. ಈ ಸಲ ದೀಪಾವಳಿಗೆ ಬಂದವನು ಕೈಕಾಲು ತೊಳೆಯುವ ಮೊದಲೇ ಕೇಳಿದ:

"ಮಾಮಾ, ನಮ್ಮೂರ ಕಸಾ ಎಲ್ಲಿ ಒಗೀತಾರ್ರಿ?"

"ಎಲ್ಲಿ ಅಂದ್ರ? ಊರ ಹೊರಗ. ಯಾಕ, ಏನರ ಕಳಕೊಂಡಿಯೇನು?"

"ಅದರೊಳಗ ಕರೆಂಟ್ ಐತ್ರಿ."

ಸರಿಯಾಗಿ ಆ ಮಾತಿಗೇ ಮನೆಯ ಕರೆಂಟು ಹೋಯಿತು. ಟಿಸಿ ಸುಟ್ಟಿತು ಎಂದು ಓಣಿಯ ಒಬ್ಬರು, ಇಲ್ಲ ಜಂಪ್ ಹೋಗಿದೆ ಎಂದು ಇನ್ನೊಬ್ಬರು, ಕತ್ತಲಲ್ಲಿ ನಿಂತೇ ತೀರ್ಪು ಕೊಟ್ಟರು. ನಾವಿಬ್ಬರೂ ಕಟ್ಟೆಗೆ ಬಂದು ಕೂತೆವು. ಅಳಿಯ ಹೇಳಿದ್ದರ ಸಾರ ಇಷ್ಟು: ಕಸವನ್ನು ಎತ್ತರಕ್ಕೆ ಒಟ್ಟುತ್ತ ಹೋದರೆ ಒಳಗೆ ಗಾಳಿಯಾಡುವುದಿಲ್ಲ. ಗಾಳಿಯಾಡದ ಕಡೆ ಕೊಳೆತದ್ದರಿಂದ ಮೀಥೇನ್ ಅನಿಲ ಹುಟ್ಟುತ್ತದೆ. ಅದನ್ನು ಕೊಳವೆ ಇಳಿಸಿ ಹೀರಿ, ಎಂಜಿನ್ನಿಗೆ ಕುಡಿಸಿದರೆ ಕರೆಂಟು. ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ ಪುಯೆಂಟೆ ಹಿಲ್ಸ್ ಎಂಬ ಕಸದ ಗುಡ್ಡವಿದೆ. 2013ರಲ್ಲಿ ಅಲ್ಲಿಗೆ ಕಸ ಹಾಕುವುದನ್ನು ನಿಲ್ಲಿಸಿದರು. ಅದರ ಹೊಟ್ಟೆಯ ಗ್ಯಾಸಿನಿಂದ ಒಂದು ಕಾಲಕ್ಕೆ 50 ಮೆಗಾವ್ಯಾಟಿನ ಹತ್ತಿರ ವಿದ್ಯುತ್ತು ತೆಗೆದರಂತೆ.

"ನಮ್ಮೂರಾಗ ಇರೋ ಗುಡ್ಡ ಒಂದ ತಮ್ಮಾ. ಅದರ ಮ್ಯಾಲೆ ಕೋಟಿ ಐತಿ, ಕಸ ಇಲ್ಲ."

"ಅದ ನೋಡ್ರಿ ನಮ್ಮ ಹಣೇಬಾರ," ಎಂದ. ಗಜೇಂದ್ರಗಡದವರಿಗೆ ಗುಡ್ಡದ ಮೇಲೆ ಗಾಳಿ ಇದೆ, ದೊಡ್ಡ ದೊಡ್ಡ ಪಂಖಾ ತಿರುಗುತ್ತವೆ. ಕಪ್ಪತಗುಡ್ಡದ ಕಡೆಯೂ ತಿರುಗುತ್ತವೆ. ನಾವು ನರಗುಂದದವರು ಮಾತ್ರ ಇದ್ದ ಗುಡ್ಡವನ್ನು ಇತಿಹಾಸಕ್ಕೆ ಬಿಟ್ಟುಕೊಟ್ಟು ಕೂತಿದ್ದೇವೆ ಎಂದು ಅವನ ತಕರಾರು.

ನರಗುಂದದಲ್ಲಿ ಗ್ಯಾಸಿನ ವಿಷಯ ಎತ್ತುವುದಕ್ಕೂ ಧೈರ್ಯ ಬೇಕು. ಇದು ನೀರಿನ ಮಾತಿನ ಊರು. 1980ರ ಜುಲೈ 21ರ ರೈತ ಬಂಡಾಯ ಮಲಪ್ರಭಾ ಕಾಲುವೆ ನೀರಿನ ಕರದ ಸಲುವಾಗಿ. 2015ರಲ್ಲಿ ಹಾಕಿದ ಧರಣಿಯ ಪೆಂಡಾಲು ಮಹದಾಯಿ ನೀರಿನ ಸಲುವಾಗಿ. ಚಹಾದಂಗಡಿಯಲ್ಲಿ ನೀವು ಯಾವ ವಿಷಯ ಶುರು ಮಾಡಿದರೂ ಎರಡನೇ ಗುಟುಕಿಗೆ ಅದು ಮಹದಾಯಿಯ ಕಳಸಾ-ಬಂಡೂರಿಗೆ ಬಂದು ನಿಲ್ಲುತ್ತದೆ. ಹಾಗಿದ್ದರೂ ನೆಲದೊಳಗಿನ ಗಾಳಿಯ ಬಗ್ಗೆ ನಮಗೆ ಯಾರೂ ಹೊಸದಾಗಿ ಪಾಠ ಹೇಳಬೇಕಿಲ್ಲ. ಏಕೆಂದರೆ ನಮ್ಮದು ಹಗೇವಿನ ಊರು.

ಹಗೇವು ನೋಡದವರಿಗಾಗಿ ಹೇಳುತ್ತೇನೆ. ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲಾದ ಹೊಟ್ಟೆ. ಸುತ್ತ ಜೋಳದ ಕಣಕಿ, ಹೊಟ್ಟು ಹಾಸಿ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲದ ಬ್ಯಾಂಕು ಅದು. ಒಳಗಿನ ಕಾಳು ಉಸಿರಾಡಿ ಇದ್ದಬದ್ದ ಆಮ್ಲಜನಕವನ್ನು ಮುಗಿಸಿಬಿಡುತ್ತದೆ, ಉಳಿದ ಕೆಟ್ಟ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಹುಳ ಬದುಕದ ಕಡೆ ಮನುಷ್ಯನೂ ಬದುಕುವುದಿಲ್ಲ, ಅಷ್ಟೇ ಪೇಚು. ಆದ್ದರಿಂದ ಹಗೇವು ತೆಗೆದ ದಿನ ಇಳಿಯಬಾರದು, ಬಾಯಿ ತೆರೆದು ಗಾಳಿಯಾಡಲು ಬಿಡಬೇಕು. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ನಿಂತರೆ ಇಳಿ, ಆರಿದರೆ ಮತ್ತೊಂದು ದಿನ ಕಾಯಿ. ನಮ್ಮಜ್ಜ ಇದನ್ನು ಮಾಡುವಾಗ ಓಣಿಯ ಹುಡುಗರೆಲ್ಲ ಬಾಯಿ ಸುತ್ತ ಬೋರಲು ಮಲಗಿ ನೋಡುತ್ತಿದ್ದೆವು. ಕಂದೀಲು ಕೆಳಗಿಳಿಯುತ್ತ ಇಳಿಯುತ್ತ ಬೆಳಕು ಸಣ್ಣಗಾಗಿ, ಹಳದಿಯಾಗಿ, ಊದಿದವರಿಲ್ಲದೆ ಪಕ್ಕನೆ ಆರುತ್ತಿತ್ತು. ಅಜ್ಜ ಹಗ್ಗ ಎಳೆದುಕೊಂಡು, "ಇನ್ನೂ ಮಲಗ್ಯಾನ," ಎನ್ನುತ್ತಿದ್ದ. ಯಾರು ಮಲಗಿದ್ದಾನೆ ಎಂದು ಕೇಳುವ ಧೈರ್ಯ ನಮಗಿರಲಿಲ್ಲ.

ಗೋದಾಮು ಬಂದವು, ಪ್ಲಾಸ್ಟಿಕ್ ಚೀಲ ಬಂದವು, ಹಗೇವು ಮರೆತುಹೋದವು. ಮೇಲೆ ಮನೆ ಕಟ್ಟಿದರು, ರಸ್ತೆ ಮಾಡಿದರು. ನೀರಾವರಿ ಬಂದು ನೆಲದೊಳಗಿನ ನೀರು ಮೇಲೇರಿತು. 2019-20ರ ಸುಮಾರಿಗೆ ನರಗುಂದದಲ್ಲಿ ಅಲ್ಲಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿಯತೊಡಗಿದಾಗ ಪೇಪರಿನವರು ಬಂದರು, ಭೂಗರ್ಭದವರು ಬಂದರು. ಊರ ಹಿರಿಯರು ಮಾತ್ರ ಕಟ್ಟೆಯಿಂದ ಏಳದೆ ಹೇಳಿದರು, "ಹಳೇ ಹಗೇವು ಇರಬೇಕು ಬಿಡ್ರಿ." ಅಜ್ಜಂದಿರ ಬ್ಯಾಂಕು ಮೊಮ್ಮಕ್ಕಳ ಪಡಸಾಲೆಯಲ್ಲಿ ಬಾಯಿ ತೆರೆದಿತ್ತು.

ಇದನ್ನೆಲ್ಲ ಹೇಳಿದ್ದಕ್ಕೆ ಅಳಿಯ, "ಹಗೇವಿನ್ಯಾಗ ಇರೋದು ಕಾರ್ಬನ್ ಡೈಆಕ್ಸೈಡ್ ಮಾಮಾ. ಅದು ದೀಪ ಆರಸ್ತದ. ಮೀಥೇನ್ ದೀಪ ಹಚ್ಚತದ," ಎಂದು ತಿದ್ದಿದ. ಒಳ್ಳೆಯ ಮಾತು. ಒಂದೇ ಕಂದೀಲು, ಒಂದು ತಗ್ಗಿನಲ್ಲಿ ಸಾಯುತ್ತದೆ, ಇನ್ನೊಂದರಲ್ಲಿ ಊರನ್ನೇ ಹಾರಿಸುತ್ತದೆ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಪಾಲು ಬೆರೆತಿದ್ದರೆ ಒಂದು ಕಿಡಿ ಸಾಕು. ಪಕ್ಕಾ ನಮ್ಮ ಬೀಗರ ಸಿಟ್ಟು: ಕಡಿಮೆ ಇದ್ದಾಗ ತೊಂದರೆಯಿಲ್ಲ, ಪೂರ್ತಿ ತುಂಬಿದಾಗಲೂ ತೊಂದರೆಯಿಲ್ಲ, ನಡುವೆ ಇದ್ದಾಗ ಮಾತ್ರ ಹತ್ತಿರ ಹೋಗಬಾರದು.

ಈ ಗಾಳಿಯನ್ನು ಮೊದಲು ಸೀಸೆಗೆ ಹಿಡಿದವನು ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ. 1776ರಲ್ಲಿ, ನಮ್ಮ ನರಗುಂದದಲ್ಲಿ ಭಾವೆ ಮನೆತನದ ಆಡಳಿತ ನಡೆಯುತ್ತಿದ್ದ ಕಾಲಕ್ಕೆ, ಆತ ಮಜ್ಜೋರೆ ಸರೋವರದ ದಂಡೆಯ ಕೆಸರನ್ನು ಕೋಲಿನಿಂದ ಕಲಕುತ್ತ, ಎದ್ದ ಗುಳ್ಳೆಗಳನ್ನು ಬಾಟಲಿಯಲ್ಲಿ ಕೂಡಿಸುತ್ತ ಕೂತಿದ್ದ. ಮೂವತ್ತೊಂದು ವರ್ಷದ ಗಂಡಸು, ಮೇಷ್ಟರ ಕೆಲಸ ಬೇರೆ. ಅವನ ಊರಿನ ಕಟ್ಟೆಯವರು ಏನೆಂದುಕೊಂಡಿರಬಹುದು! ಹಿಡಿದ ಗಾಳಿಗೆ ವಿದ್ಯುತ್ತಿನ ಕಿಡಿ ತಾಗಿಸಿ ಢಂ ಎನ್ನಿಸುವ ಒಂದು ಪಿಸ್ತೂಲನ್ನೂ ಮಾಡಿದ. ಮುಂದೆ 1800ರಲ್ಲಿ ಬ್ಯಾಟರಿ ಮಾಡಿ ಜಗತ್ತಿಗೆ ಕೊಟ್ಟ. ನಮ್ಮ ಮನೆಯ 230 ವೋಲ್ಟಿನ ವೋಲ್ಟು ಇವನ ಹೆಸರೇ. ಕೊಳಚೆಯ ಗಾಳಿಗೂ ಕರೆಂಟಿಗೂ ಒಬ್ಬನೇ ಸೋದರಮಾವ ಎಂದಾಯಿತು. ನಮ್ಮ ಕಡೆ ಅದೇ ಗಾಳಿ ಕೆರೆಯಂಗಳದಲ್ಲಿ ಉರಿದು ಕಂಡರೆ ಕೊಳ್ಳಿದೆವ್ವ ಎಂದು ಓಡಿದೆವು. ಅವನು ಬಾಟಲಿ ಹಿಡಿದುಕೊಂಡು ಅದರ ಕಡೆಗೇ ಓಡಿದ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ದೆವ್ವವನ್ನು ಕಂಡು ಓಡುವುದೂ ಒಂದು ಬಗೆಯ ಸುರಕ್ಷತಾ ನಿಯಮವೇ.

ಇನ್ನು ತಿಪ್ಪೆಯ ವಿಷಯ. ಅಳಿಯ 'ಲ್ಯಾಂಡ್‌ಫಿಲ್' ಎಂದಾಗಲೆಲ್ಲ ನಾನು ತಿಪ್ಪೆ ಎಂದುಕೊಳ್ಳುತ್ತಿದ್ದೆ. ಆಮೇಲೆ ತಿಳಿಯಿತು, ಎರಡೂ ಒಂದಲ್ಲ. ತಿಪ್ಪೆ ಎಂದರೆ ಎಸೆದ ಜಾಗವಲ್ಲ, ಇಟ್ಟ ಜಾಗ. ಪ್ರತಿ ಮನೆಗೆ ಒಂದು ತಿಪ್ಪೆ, ಪ್ರತಿ ತಿಪ್ಪೆಗೆ ಒಬ್ಬ ಒಡೆಯ. ಬೂದಿ, ಹೆಂಡಿ, ದನ ಬಿಟ್ಟ ಕಣಕಿಯ ಗಡ್ಡಿ, ಅಂಗಳ ಗುಡಿಸಿದ ಧೂಳು ಎಲ್ಲ ಅಲ್ಲಿಗೆ. ಬೇಸಿಗೆಯಲ್ಲಿ ಚಕ್ಕಡಿಗೆ ಹೇರಿ ಎರಿಹೊಲಕ್ಕೆ. ಪಕ್ಕದವರ ತಿಪ್ಪೆಯಿಂದ ಒಂದು ಬುಟ್ಟಿ ಕದ್ದರೆ ಪಂಚಾಯ್ತಿ ಕೂಡುತ್ತಿತ್ತು. ಈಗ ಪಕ್ಕದವರ ಮನೆ ಮುಂದೆ ನಮ್ಮ ಕಸ ಸುರಿದರೆ ಪಂಚಾಯ್ತಿ ಕೂಡುತ್ತದೆ. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಯಮನೂ ಮುಟ್ಟಲು ಹೇಸಲಿ ಎಂದೋ, ಎಲ್ಲವನ್ನೂ ಮತ್ತೆ ಹುಟ್ಟಿಸುವ ಜಾಗ ಎಂದೋ, ನನಗೆ ಎರಡನೆಯದೇ ಸರಿ ಅನಿಸುತ್ತದೆ. ತಿಪ್ಪೆ ಮೇಲೆ ಮಲಗಿ ಉಪ್ಪರಿಗೆ ಕನಸು ಕಂಡಂತೆ ಎಂದು ಗಾದೆ ಮಾಡಿದವನಿಗೆ, ಆ ಉಪ್ಪರಿಗೆಗೆ ಸಾಲ ಹುಟ್ಟುತ್ತಿದ್ದದ್ದೇ ತಿಪ್ಪೆಯ ಎತ್ತರ ನೋಡಿ ಎಂಬುದು ತಿಳಿದಿರಲಿಕ್ಕಿಲ್ಲ.

ತಿಪ್ಪೆಯಿಂದ ಗ್ಯಾಸ್ ತೆಗೆಯುವುದನ್ನೂ ನಾನು ಅಳಿಯನಿಂದ ಕಲಿಯಬೇಕಿರಲಿಲ್ಲ. ನಮ್ಮಪ್ಪ ಹಿತ್ತಲಲ್ಲಿ ಗೋಬರ್ ಗ್ಯಾಸ್ ಹಾಕಿಸಿದ್ದ. ನೆಲದಲ್ಲಿ ಬಾವಿಯಂಥ ತಗ್ಗು, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಹೆಂಡಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಒಳಗೆ ಬಿಟ್ಟರೆ ರಾತ್ರಿಯಿಡೀ ಗ್ಯಾಸ್ ತುಂಬಿ, ಬೆಳಿಗ್ಗೆ ಡ್ರಮ್ಮು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಮೇಲೆದ್ದಿರುತ್ತಿತ್ತು. ದಿನಕ್ಕೆ ಐವತ್ತು ಕಿಲೋ ಹೆಂಡಿ ಹಾಕಿದರೆ ಎರಡು ಘನಮೀಟರ್ ಗ್ಯಾಸು, ಅಂದರೆ ನಾಲ್ಕೈದು ದನ ಕಟ್ಟಿದವನಿಗೆ ಎರಡು ಹೊತ್ತಿನ ಅಡಿಗೆ. ಉರಿ ಕಡಿಮೆಯಾದರೆ ಡ್ರಮ್ಮಿನ ಮೇಲೆ ಕಲ್ಲು ಹೇರುವುದು, ಕಲ್ಲು ಸಿಗದಿದ್ದರೆ ನನ್ನನ್ನು ಹತ್ತಿಸಿ ನಿಲ್ಲಿಸುವುದು. "ಅವ್ವನ ರೊಟ್ಟಿ ಮುಗಿಯೂತನಕಾ ಇಳೀಬ್ಯಾಡ," ಎಂದು ಅಪ್ಪನ ಅಪ್ಪಣೆ. ನಾನು ತೂಕ ಇದ್ದು ಮನೆಗೆ ಉಪಯೋಗವಾದದ್ದು ಆಗ ಒಮ್ಮೆ ಮಾತ್ರ.

ಅವ್ವನಿಗೆ ಆ ನೀಲಿ ಉರಿ ಸೇರಲಿಲ್ಲ. ಹೊಗೆಯಿಲ್ಲ, ಕಣ್ಣುರಿಯಿಲ್ಲ, ಎಲ್ಲ ಖರೆ. ಆದರೆ ಹಂಚಿನಿಂದ ತೆಗೆದ ರೊಟ್ಟಿಯನ್ನು ಆನಿಸಿ ನಿಲ್ಲಿಸಲು ಕುಳ್ಳಿನ ಕೆಂಡ ಎಲ್ಲಿ? ಕೆಂಡವಿಲ್ಲದೆ ರೊಟ್ಟಿ ಉಬ್ಬುವುದೆಲ್ಲಿ? ಕೊಳವೆಯಲ್ಲಿ ನೀರು ಕೂತರೆ ಉರಿ ಬಿಕ್ಕಳಿಸುತ್ತಿತ್ತು. ನಳ ತಿರುವಿ ಆ ನೀರು ಬಸಿಯುವುದು ನನ್ನ ತಮ್ಮನ ಕೆಲಸ. ಒಂದು ದಿನ ನಾವಿಬ್ಬರೂ ಲಗೋರಿ ಆಡುತ್ತ ರಬ್ಬರ್ ಚೆಂಡನ್ನು ಹೆಂಡಿ ಕಲಸುವ ತೊಟ್ಟಿಗೆ ಹೊಡೆದೆವು. ಚೆಂಡು ಕೊಳವೆಯಲ್ಲಿ ಇಳಿದು ಕೂತಿತು. ಮೂರು ದಿನ ಗ್ಯಾಸಿಲ್ಲ. ಅಪ್ಪ ಗಳ ಹಾಕಿ ತಿವಿದು ಚೆಂಡು ತೆಗೆದ, ಆಮೇಲೆ ಅದೇ ಗಳವನ್ನು ನಮ್ಮ ಕಡೆ ತಿರುಗಿಸಿದ. ಮುಂದೆ ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಎತ್ತಿನ ಹಿಂದೆ ಎಮ್ಮೆ ಹೋದವು, ಹೆಂಡಿ ಇಲ್ಲದ ಗೋಬರ್ ಗ್ಯಾಸು ಒಣಗಿತು. ತುಕ್ಕು ಹಿಡಿದ ಡ್ರಮ್ಮನ್ನು ಅಡ್ಡ ಮಲಗಿಸಿ ಕೋಳಿ ಸಾಕಿದೆವು.

ಕಸದ ಗುಡ್ಡದ ಕಥೆಯೂ ಇದೇ, ಡ್ರಮ್ಮು ದೊಡ್ಡದು ಅಷ್ಟೆ. ನೀರಿಗೆ ಬೋರ್ ಹೊಡೆದಂತೆ ಕಸಕ್ಕೆ ಬೋರ್ ಹೊಡೆಯುತ್ತಾರೆ, ತೂತು ಕೊರೆದ ಕೇಸಿಂಗ್ ಪೈಪು ಇಳಿಸುತ್ತಾರೆ, ಮೇಲೆ ಮಣ್ಣು ಹೊದಿಸಿ ಒಂದು ಬ್ಲೋವರಿನಿಂದ ಮೆಲ್ಲಗೆ ಹೀರುತ್ತಾರೆ. ಮೆಲ್ಲಗೆ ಎನ್ನುವುದು ಮುಖ್ಯ. ಜೋರಾಗಿ ಎಳೆದರೆ ಹೊರಗಿನ ಗಾಳಿ ಒಳನುಗ್ಗಿ ಗ್ಯಾಸ್ ಹುಟ್ಟಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಗುಡ್ಡದ ಹೊಟ್ಟೆಯಲ್ಲೇ ಬೆಂಕಿಯೂ ಬೀಳಬಹುದು. ಬಂದ ಗ್ಯಾಸಿನಲ್ಲಿ ಅರ್ಧದಷ್ಟು ಮೀಥೇನ್, ಉಳಿದದ್ದು ಹೆಚ್ಚುಕಡಿಮೆ ನಮ್ಮ ಹಗೇವಿನ ಗಾಳಿ. ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡ್ ಕಬ್ಬಿಣ ತಿನ್ನುತ್ತದೆ, ಅದನ್ನು ತೊಳೆದು ತೆಗೆಯಬೇಕು. ನನಗೆ ಬೆರಗಾದದ್ದು ಇನ್ನೊಂದು ಸಂಗತಿ: ನಾವು ತಲೆಗೆ ಹಚ್ಚುವ ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮುಗಳಲ್ಲಿ ಸಿಲೋಕ್ಸೇನ್ ಎಂಬ ವಸ್ತುಗಳಿರುತ್ತವೆ. ಕಸದೊಡನೆ ಹೋದ ಅವು ಗ್ಯಾಸಿನಲ್ಲಿ ಸೇರಿ, ಎಂಜಿನ್ನಿನಲ್ಲಿ ಉರಿದಾಗ ಮರಳಿನಂಥ ಬಿಳಿ ಪುಡಿಯಾಗಿ ಪಿಸ್ಟನ್ನಿಗೆ ಮೆತ್ತಿಕೊಳ್ಳುತ್ತವೆ. ಕೂದಲು ರೇಷ್ಮೆಯಾದದ್ದಕ್ಕೆ ಎಂಜಿನ್ ಬೆಲೆ ತೆರುತ್ತದೆ. ಅವ್ವ ಸೀಗೆಕಾಯಿ ಬಿಡಬ್ಯಾಡ್ರಿ ಅಂತ ಸುಮ್ಮನೆ ಬಡಕೊಂಡಿರಲಿಲ್ಲ.

ಇಷ್ಟೆಲ್ಲ ಯಾಕೆ ಮಾಡುತ್ತಾರೆಂದರೆ ಕರೆಂಟಿನ ಆಸೆಗಷ್ಟೇ ಅಲ್ಲ. ಮೀಥೇನನ್ನು ಹಾಗೇ ಆಕಾಶಕ್ಕೆ ಬಿಟ್ಟರೆ, ನೂರು ವರ್ಷದ ಲೆಕ್ಕದಲ್ಲಿ, ಕಾರ್ಬನ್ ಡೈಆಕ್ಸೈಡಿಗಿಂತ 28 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಸುಟ್ಟರೆ ಅಷ್ಟರಮಟ್ಟಿಗೆ ಪೀಡೆ ಇಳಿಯಿತು. ಕರೆಂಟು ತೆಗೆಯದೆ ಸುಮ್ಮನೆ ಸುಟ್ಟರೂ ಲಾಭವೇ. ಈಗ ಉಪಗ್ರಹಗಳು ಮೇಲಿನಿಂದಲೇ ಯಾವ ಊರಿನ ಕಸದ ಗುಡ್ಡ ಎಷ್ಟು ಮೀಥೇನ್ ಬಿಡುತ್ತಿದೆ ಎಂದು ನೋಡಿ ಹೇಳುತ್ತವೆ. ನಮ್ಮ ಓಣಿಯವರಿಗೆ ಇದೇನು ಹೊಸ ತಂತ್ರಜ್ಞಾನವಲ್ಲ. ಯಾರ ಮನೆಯಲ್ಲಿ ಏನು ಹೊತ್ತಿತು ಎಂಬುದು ಅವರಿಗೆ ಉಪಗ್ರಹಕ್ಕಿಂತ ಮೊದಲು ಗೊತ್ತು.

ಅಳಿಯನ ಹಳಹಳಿಗೆ ಮದ್ದು ಬೇಕಿತ್ತು. ಹಾಳೆ ಪೆನ್ನು ತಂದೆ. ಕರೆಂಟು ಇನ್ನೂ ಬಂದಿರಲಿಲ್ಲ, ಮೊಬೈಲ್ ಬೆಳಕಿನಲ್ಲಿ ಲೆಕ್ಕ ಶುರು. 2011ರ ಜನಗಣತಿಯಂತೆ ನರಗುಂದದ ಜನ 36 ಸಾವಿರದ ಮೇಲೆ. ತಲೆಗೆ ದಿನಕ್ಕೆ ಮುನ್ನೂರು ಗ್ರಾಂ ಹಿಡಿದರೂ ಹತ್ತು ಟನ್ ಚಿಲ್ಲರೆ. ಅಮೆರಿಕದವರ ಅಂದಾಜಿನಂತೆ ಹತ್ತು ಲಕ್ಷ ಟನ್ ಕಸ ಒಟ್ಟಿದ್ದರೆ ಮುಕ್ಕಾಲು ಮೆಗಾವ್ಯಾಟಿನ ಸುಮಾರು ಹುಟ್ಟುತ್ತದೆ. ವರ್ಷಕ್ಕೆ 3,650 ಟನ್ನಿನಂತೆ ಹತ್ತು ಲಕ್ಷ ಆಗಲು ನಮಗೆ 270 ವರ್ಷ ಮೇಲೆ ಬೇಕು. 1858ರಲ್ಲಿ ನಮ್ಮ ಭಾವೆ ಮನೆತನದ ಬಾಬಾಸಾಹೇಬರು ಇಂಗ್ಲಿಷರ ಮೇಲೆ ಬಂಡೆದ್ದ ದಿನದಿಂದಲೇ ಹಟ ಹಿಡಿದು ಕಸ ಒಟ್ಟಿದ್ದರೂ ಈ ದೀಪಾವಳಿಗೆ ಆರು ಲಕ್ಷ ಟನ್ ಆಗುತ್ತಿತ್ತು. ಅದರಲ್ಲೂ ಇಪ್ಪತ್ತು ಮೂವತ್ತು ವರ್ಷಕ್ಕೆ ಹಳೆಯ ಕಸದ ಗ್ಯಾಸು ಬತ್ತುತ್ತದೆ. ಗುಡ್ಡಕ್ಕೆ ಪಸೆ ಬೇರೆ ಬೇಕು, ನಮ್ಮ ಕಡೆ ಮಳೆ ಎಂಬುದು ಬೀಗರ ಹಾಗೆ, ಬಂದರೆ ಬಂತು.

"ಮತ್ತ 1858ರಾಗ ಒಗೀಲಿಕ್ಕೆ ಏನಿತ್ತೋ? ಇದ್ದದ್ದೆಲ್ಲಾ ತಿಪ್ಪಿಗೆ, ತಿಪ್ಪಿದೆಲ್ಲಾ ಹೊಲಕ್ಕ," ಎಂದೆ.

ಅಳಿಯ ಹಾಳೆಯನ್ನು ಎರಡು ಸಲ ತಿರುವಿ ನೋಡಿದ. "ಹಂಗಾರ ಬೆಂಗಳೂರ ಕಸಾನ ಇಲ್ಲಿಗೆ ತರಸಿದ್ರ?" ಎಂದು ಮೆಲ್ಲಗೆ ಕೇಳಿದ. ಅವನ ಮುಖ ಕತ್ತಲಲ್ಲಿತ್ತು, ಇಲ್ಲದಿದ್ದರೆ ನಗುತ್ತಿದ್ದಾನೋ ಇಲ್ಲವೋ ತಿಳಿಯುತ್ತಿತ್ತು.

ನಾನು ಮಂಡೂರಿನ ಹೆಸರು ಹೇಳಿದೆ. ಬೆಂಗಳೂರಿನ ಪೂರ್ವಕ್ಕಿರುವ ಆ ಹಳ್ಳಿಗೆ ವರ್ಷಗಟ್ಟಲೆ ಲಾರಿಗಳಲ್ಲಿ ನಗರದ ಕಸ ಹೋಯಿತು. ಅಲ್ಲಿಯೂ ಕಸದಿಂದ ಕರೆಂಟು ಎಂಬ ಮಾತು ಬಹಳ ನಡೆದಿತ್ತು. ಹಳ್ಳಿಗೆ ಬಂದದ್ದು ನಾತ, ನೊಣ, ಕಸದಿಂದ ಜಿನುಗುವ ಕರೀ ನೀರು. 2014ರಲ್ಲಿ ಜನ ರಸ್ತೆಗಿಳಿದು ಕೂತರು, ಆ ವರ್ಷದ ಡಿಸೆಂಬರ್ 1ರಿಂದ ಲಾರಿ ನಿಂತವು. ಮಂಗಳೂರಿನ ಪಚ್ಚನಾಡಿಯಲ್ಲಿ ಇನ್ನೂ ಘೋರ. 2019ರ ಆಗಸ್ಟಿನ ಮಳೆಗೆ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರ ಎಂಬ ಊರಿನ ಮನೆ, ಅಡಿಕೆ-ತೆಂಗಿನ ತೋಟಗಳ ಮೇಲೆ ಹರಿಯಿತು. ಮಂದಾರ ಎಂದರೆ ದೇವಲೋಕದ ಹೂವು. ಆ ಹೆಸರಿನ ಊರಿಗೆ ಇದಾಗಬಾರದಿತ್ತು. ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸ ಸುಟ್ಟು 11.5 ಮೆಗಾವ್ಯಾಟ್ ತೆಗೆಯುವ ಸ್ಥಾವರವಿದೆ. ಆದರೆ ಅದು ಕಸವನ್ನೇ ಉರಿಸುವ ಒಲೆ, ಗ್ಯಾಸ್ ಹಿಡಿಯುವ ಡ್ರಮ್ಮಲ್ಲ.

ನನಗೆ ಇವಕ್ಕಿಂತ ಮನಸ್ಸಿಗೆ ಹತ್ತಿರ ಪುರ ಎಂಬ ಸಣ್ಣ ಊರು. ತುಮಕೂರು ಜಿಲ್ಲೆ, ಕುಣಿಗಲ್ ತಾಲ್ಲೂಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮ ತಂತ್ರಜ್ಞಾನದ ಕೂಟ ಕಟ್ಟಿದ ಅಮೂಲ್ಯ ರೆಡ್ಡಿ ಮತ್ತು ಗೆಳೆಯರು ಅಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಹಾಕಿದರು. ಮೊದಲು ಮನೆ ಮನೆಗೆ ಅಡಿಗೆ ಗ್ಯಾಸ್ ಕೊಡುವ ವಿಚಾರವಿತ್ತು. ಊರಿನ ಸೆಗಣಿ ಅದಕ್ಕೆ ಸಾಲಲಿಲ್ಲ. ನಿಮಗೇನು ಬೇಕು ಎಂದು ಕೇಳಿದಾಗ ಜನ ಬಯಸಿದ್ದು ಕುಡಿಯುವ ನೀರು. 1987ರಿಂದ ಆ ಗ್ಯಾಸು ಒಂದು ಸಣ್ಣ ಡೀಸೆಲ್ ಎಂಜಿನ್ ತಿರುಗಿಸಿತು, ಎಂಜಿನ್ ಕೊಳವೆಬಾವಿಯ ನೀರೆತ್ತಿತು, ಮನೆಗಳಿಗೆ ದೀಪ ಕೊಟ್ಟಿತು. ಗ್ಯಾಸು ತೆಗೆದ ಮೇಲೆ ಉಳಿದ ರಾಡಿ ಗೊಬ್ಬರವಾಗಿ, ಸೆಗಣಿ ಕೊಟ್ಟವರ ಮನೆಗೆ ಕೊಟ್ಟ ಪ್ರಮಾಣದಲ್ಲೇ ವಾಪಸು. ತಿಪ್ಪೆಯ ಒಡೆತನ ತಿಪ್ಪೆಯವನಿಗೇ ಉಳಿಯಿತು, ನಡುವೆ ಉಸಿರನ್ನಷ್ಟೇ ತೆಗೆದುಕೊಂಡರು. ನೀರು ಸಿಕ್ಕಿತು ಎಂದದ್ದಕ್ಕೆ ಅಳಿಯ, "ಇದನ್ನ ಮೊದಲ ಹೇಳಬೇಕಿತ್ರಿ, ನರಗುಂದದಾಗ ಓಡತೈತಿ," ಎಂದ.

ಅವನ ಹುರುಪು ಮತ್ತೆ ಚಿಗುರಿತು. ಗುಡ್ಡ ಬೇಡ, ಹಸಿ ಕಸವನ್ನು ದಿನದ್ದು ದಿನ ಡ್ರಮ್ಮಿಗೆ ಹಾಕಿದರೆ? ಹತ್ತರಲ್ಲಿ ಐದು ಟನ್ ಹಸಿ ಎನ್ನಿ. ಟನ್ನಿಗೆ ಎಂಬತ್ತು ಘನಮೀಟರ್ ಗ್ಯಾಸು ಹಿಡಿದರೆ ನಾಲ್ಕು ನೂರು, ಕರೆಂಟು ಆರು ನೂರು ಯೂನಿಟ್. ನಲವತ್ತು ವ್ಯಾಟಿನ ಸಾವಿರ ಬೀದಿದೀಪ ಹನ್ನೆರಡು ತಾಸು ಉರಿದರೂ 480 ಯೂನಿಟ್. ಈ ಸಲ ನನಗೂ ಹಾಳೆ ತಿರುವಿ ನೋಡುವ ಹಾಗಾಯಿತು. ಲೆಕ್ಕ ಸರಿಯಿತ್ತು.

ಸರಿಯಿಲ್ಲದ್ದು ನಮ್ಮ ಬುಟ್ಟಿ. ಬೆಳಿಗ್ಗೆ ಪುರಸಭೆಯ ಗಾಡಿ ಹಾಡು ಹಾಕಿಕೊಂಡು ಬಂದಾಗ ನಾನೇ ಬುಟ್ಟಿ ಒಯ್ದು ಕೊಡುವವನು, ಆದ್ದರಿಂದ ಕಂಡದ್ದು ಹೇಳುತ್ತೇನೆ. ಹಸಿ ಕಸ ಎಂದು ಕೊಟ್ಟ ಒಂದು ಬುಟ್ಟಿಯಲ್ಲಿ ಉಳ್ಳಾಗಡ್ಡಿ ಸಿಪ್ಪೆ, ಮಾಸಿದ ರೊಟ್ಟಿ, ಗುಟಕಾ ಚೀಟು, ಕೂಸಿನ ಡೈಪರ್, ಒಂದು ಸೆಲ್ಲು, ಮುರಿದ ಬಾಚಣಿಗೆ. ಗಾಡಿಯ ಹೆಣ್ಣುಮಗಳು ಕೈಗವಸಿನಲ್ಲಿ ಡೈಪರ್ ಎತ್ತಿ ತೋರಿಸಿ, "ಇದು ಹಸೀನೋ ಒಣಾನೋ ನೀವ ಹೇಳ್ರಿ ಯಜಮಾನ್ರ," ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಒಂದು ರಬ್ಬರ್ ಚೆಂಡಿಗೆ ಮೂರು ದಿನ ಉಪವಾಸ ಬಿದ್ದ ಡ್ರಮ್ಮು ನನಗೆ ನೆನಪಿದೆ. ಊರ ಡ್ರಮ್ಮಿಗೆ ಇಷ್ಟೆಲ್ಲ ತಿನ್ನಿಸಿದರೆ ತಿವಿಯುವ ಗಳ ಎಷ್ಟುದ್ದ ಬೇಕೋ, ಅದನ್ನು ಕೊನೆಗೆ ಯಾರ ಕಡೆ ತಿರುಗಿಸಬೇಕೋ.

ಕರೆಂಟು ಬಂತು. ಮರುದಿನ ಪಾಡ್ಯ. ನನ್ನ ಹೆಂಡತಿ ಎಲ್ಲಿಂದಲೋ ಹೆಂಡಿ ದೊರಕಿಸಿ ಪಾಂಡವರನ್ನು ಮಾಡಿ, ಚೆಂಡು ಹೂ ಸಿಗಿಸಿ, ಹೊಸ್ತಿಲಿಗೆ ಇಟ್ಟಳು. ಕಡೆಗೆ ಒಂದು ಪಣತಿ ಹಿಡಿದು ಹೊರಗೆ ಹೊರಟಳು. ದೀಪಾವಳಿಗೆ ತಿಪ್ಪೆಗೂ ಒಂದು ದೀಪ ಇಡುವುದು ನಮ್ಮ ಮನೆಯ ಪದ್ಧತಿ. ತಿಪ್ಪೆ ಹೋಗಿ ಇಪ್ಪತ್ತು ವರ್ಷವಾಯಿತು, ಆ ಜಾಗ ಸೈಟಾಗಿ ಮಾರಾಟವಾಗಿ ಈಗ ಅಲ್ಲಿ ಗಿರ್ಮಿಟ್-ಮಿರ್ಚಿ ಅಂಗಡಿ ಇದೆ. ಇವಳು ಬಿಟ್ಟಿಲ್ಲ. ಅಂಗಡಿಯ ಕಟ್ಟೆಯ ಮೂಲೆಯಲ್ಲಿ ಪಣತಿ ಇಟ್ಟು ಕೈಮುಗಿದಳು. ನಾನೂ ಅಳಿಯನೂ ಹಿಂದೆ ನಿಂತಿದ್ದೆವು. ಒಳಗೆ ಎಣ್ಣೆ ಕಾಯುತ್ತಿತ್ತು. ಅಂಗಡಿಯ ಹುಡುಗ ಝಾರಿ ಹಿಡಿದುಕೊಂಡೇ ಗಾಬರಿಯಿಂದ ಹೊರಗೆ ಬಂದ.

"ಅಕ್ಕಾರ, ದೀಪಾ ಒಂಚೂರು ಆಕಡೆ ಇಡ್ರಿ. ಇಲ್ಲಿ ಗ್ಯಾಸ್ ಐತಿ."